ಪಿಕಪ್ಪಿಗೆ ಯಾವ ಕೋಟಿಂಗ್? ಹೊಳಪು ಬಿಡಿ, ಮೊದಲು ಮ್ಯಾಟ್ ಎತ್ತಿ ನೋಡಿ

ಹಿಂದಿನ ವರ್ಷದ ಆಷಾಢದಲ್ಲಿ ನಮ್ಮ ಕೊನೆಗಾರನ ಕಾಲು ನನ್ನ ಪಿಕಪ್ಪಿನ ತಳ ತೂರಿ ಕೆಳಗಿಳಿಯಿತು. ಬೋರ್ಡೋ ದ್ರಾವಣದ ಡ್ರಮ್ ಇಳಿಸಲು ಅಂತ ಹಿಂದೆ ಹತ್ತಿದ್ದ. ರಬ್ಬರ್ ಮ್ಯಾಟ್ ಮಡಚಿ ಬದಿಗೆ ಸರಿಸಿ ಕಾಲಿಟ್ಟಿದ್ದಷ್ಟೆ, ತಗಡು ಹಪ್ಪಳದ ಹಾಗೆ ಮುರಿಯಿತು. ಹಿಮ್ಮಡಿಯ ಮೇಲೆ ಆರು ಹೊಲಿಗೆ, ಟಿ.ಟಿ. ಇಂಜೆಕ್ಷನ್, ಮೂರು ವಾರ ಮರ ಹತ್ತುವ ಹಾಗಿಲ್ಲ.

ಅಡಿಕೆ ಬೆಳೆಗಾರರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ಮೊದಲ ಔಷಧಿ ಹೊಡೆದು 45 ದಿನ ಆಗಿತ್ತು. ಎರಡನೇದು ಹೊಡೆಯುವ ಹೊತ್ತಿಗೆ ಮತ್ತೊಬ್ಬ ಕೊನೆಗಾರ ಎಲ್ಲಿ ಸಿಗಬೇಕು? ಕೆಳಗಿನ ಭಾಗದ ತೋಟದಲ್ಲಿ ಕೊಳೆ ಬಂದು ಹಸಿ ಅಡಿಕೆ ಉದುರಿತು. ಅವನ ಮೂರು ವಾರದ ಕೂಲಿ ಕೊಟ್ಟೆ. ಆದರೆ ನೋವು ಅವನು ತಿಂದಿದ್ದು, ತಪ್ಪು ನನ್ನದು.

ನಗು ಬರುವ ವಿಷಯ ಅಂದ್ರೆ, ಈ ಸೆಕೆಂಡ್ ಹ್ಯಾಂಡ್ ಪಿಕಪ್ ತಂದ ವರ್ಷವೇ ನಾನು ಅದಕ್ಕೆ 14 ಸಾವಿರ ಕೊಟ್ಟು ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೆ. "ಇನ್ನು ತುಕ್ಕಿನ ಚಿಂತೆ ಬಿಡಿ ಸಾರ್" ಅಂದಿದ್ರು ಅಂಗಡಿಯವರು. ಕ್ಯಾಬಿನ್ ಇವತ್ತಿಗೂ ಫಳಫಳ ಹೊಳೆಯುತ್ತದೆ. ತಳ ಮಾತ್ರ ಹೋಯಿತು. ಹಾಗಾಗಿ ಈ ವಾರ ಬೆಳೆ ಬಿಟ್ಟು ಗಾಡಿಯ ಬಗ್ಗೆ ಬರೆಯುತ್ತಿದ್ದೇನೆ.

ಹೊಳಪಿನ ಕೋಟಿಂಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ವ್ಯಾಕ್ಸ್ ಪಾಲಿಶ್ ಕೆಲವು ತಿಂಗಳು ಬರುತ್ತದೆ, ಆಮೇಲೆ ಮತ್ತೆ ಹಚ್ಚಬೇಕು. ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರದ ಪದರ. ಕಂಪನಿ ಪೇಂಟಿನ ಒಟ್ಟು ದಪ್ಪ ಸುಮಾರು 100 ಮೈಕ್ರಾನ್ ಇದ್ದರೆ, ಇದು ಬರೀ ಕೆಲವೇ ಮೈಕ್ರಾನ್. ನೀರು ನಿಲ್ಲುವುದಿಲ್ಲ, ಕೆಸರು ಬೇಗ ತೊಳೆದುಹೋಗುತ್ತದೆ, ಬಿಸಿಲಿಗೆ ಬಣ್ಣ ಬೇಗ ಮಾಸುವುದಿಲ್ಲ. ಅದು ಸುಳ್ಳಲ್ಲ. ಆದರೆ ಕ್ರೇಟ್ ಎಳೆದಾಗ ಬೀಳುವ ಗೀರನ್ನಾಗಲೀ, ಜಲ್ಲಿ ಸಿಡಿದು ಆಗುವ ಚುಕ್ಕೆಯನ್ನಾಗಲೀ ಅದು ತಡೆಯಲಾರದು. ಪಿಪಿಎಫ್ ಎನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ 150ರಿಂದ 200 ಮೈಕ್ರಾನ್ ಇರುತ್ತದೆ, ಕಲ್ಲಿನ ಹೊಡೆತ ತಡೆಯುತ್ತದೆ. ಬೆಲೆ ಜಾಸ್ತಿ, ಕಾರಿಗೆ ಸರಿ.

ಈ ಮೂರೂ ಕಾಯುವುದು ಪೇಂಟನ್ನು. ಪೇಂಟ್ ಹೋದ ಮೇಲೆ ಕಬ್ಬಿಣವನ್ನು ಕಾಯುವುದು ಇವುಗಳ ಕೆಲಸವೇ ಅಲ್ಲ. ನಮ್ಮ ಗಾಡಿಯಲ್ಲಿ ಮೊದಲು ಪೇಂಟ್ ಹೋಗುವುದು ಸಾಮಾನು ತುಂಬುವ ಡಬ್ಬಿಯೊಳಗೆ. ಅಲ್ಲಿಗೆ ಯಾರೂ ಸೆರಾಮಿಕ್ ಹಚ್ಚುವುದಿಲ್ಲ, ನನ್ನ ಗಾಡಿಗೂ ಹಚ್ಚಿರಲಿಲ್ಲ.

ತೋಟದ ಗಾಡಿಯ ಶತ್ರುಗಳೇ ಬೇರೆ

ಬೋರ್ಡೋ ಮಾಡುವಾಗ ನಾವೆಲ್ಲ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಅಂದ್ರೆ ತಾಮ್ರ. ತಾಮ್ರ ಬಂದು ಕೂರುವಷ್ಟೇ ಹೊತ್ತಿನಲ್ಲಿ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿದಿರುತ್ತದೆ. ಮೈಲುತುತ್ತದ ನೀರು ಗೀರು ಬಿದ್ದ ತಗಡಿನ ಮೇಲೆ ಚೆಲ್ಲಿದಾಗ ಆಗುವುದೂ ಇದೇ. ಕಾಲೇಜಿನಲ್ಲಿ ಈ ಕತ್ತಿ ಪರೀಕ್ಷೆ ಬರೆದು ಅಂಕ ತಗೊಂಡವನು ನಾನು. ಆದರೆ ನಾಲ್ಕು ಮಳೆಗಾಲ ಮೈಲುತುತ್ತದ ಡ್ರಮ್ಮನ್ನು ಅದೇ ಪಿಕಪ್ಪಿನಲ್ಲಿ ಸಾಗಿಸಿದಾಗ ನೆನಪಾಗಲಿಲ್ಲ.

ಇನ್ನು ಸುಣ್ಣ. ಸಾಮಾನ್ಯ ಎನಾಮೆಲ್ ಪೇಂಟಿನಲ್ಲಿರುವುದು ಎಣ್ಣೆ ಮೂಲದ ರಾಳ. ಸುಣ್ಣದಂಥ ಕ್ಷಾರ ತಾಗಿದರೆ ಅದು ಸಾಬೂನಿನ ಹಾಗೆ ಮೆತ್ತಗಾಗಿ ಏಳುತ್ತದೆ. ಆದ್ದರಿಂದ ಬೋರ್ಡೋ ಸಾಗಿಸುವ ಗಾಡಿಗೆ ಎನಾಮೆಲ್ ತಾಳುವುದಿಲ್ಲ. ಜಿಐ ಶೀಟ್ ಹಾಕಿಸೋಣ ಅಂದ್ರೆ, ಅದರ ಸತುವನ್ನೂ ಸುಣ್ಣ, ತಾಮ್ರ ಎರಡೂ ತಿನ್ನುತ್ತವೆ. ಅಲ್ಯುಮಿನಿಯಂ ಕಥೆಯೂ ಅಷ್ಟೆ.

ಜೀವಾಮೃತದ ಬಗ್ಗೆಯೂ ಹೇಳಬೇಕು. ಗಂಜಲದಲ್ಲಿ ಉಪ್ಪಿನಂಶ ಇದೆ, ಅಮೋನಿಯಾ ಏಳುತ್ತದೆ. ಬೆಲ್ಲ ಹುಳಿತು ಆಮ್ಲ ಆಗುತ್ತದೆ. ಮಣ್ಣಿಗೆ ಒಳ್ಳೆಯದೆಲ್ಲ ತಗಡಿಗೆ ಒಳ್ಳೆಯದಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ನಾನೇ ಹಾಸಿದ್ದ ರಬ್ಬರ್ ಮ್ಯಾಟ್. ಚೆಲ್ಲಿದ್ದೆಲ್ಲ ಅದರ ಅಡಿಗೆ ಇಳಿದು ವಾರಗಟ್ಟಲೆ ಒದ್ದೆಯಾಗಿಯೇ ಇತ್ತು.

ನಾನು ಕೊನೆಗೆ ಆರಿಸಿದ್ದು

ಗಾಡಿಯನ್ನು ಪೇಟೆಯ ಹಳೇ ಪೇಂಟರ್ ಒಬ್ಬರ ಹತ್ತಿರ ಒಯ್ದೆ. ಯಾವ ಪೇಂಟ್ ಒಳ್ಳೇದು ಅಂತ ಕೇಳಿದರೆ ಅವರು, "ಡಬ್ಬಿ ಆಮೇಲೆ ನೋಡೋಣ ಮಾರಾಯ್ರೇ. ಪೇಂಟಿಂಗ್ ಅಂದ್ರೆ ಮುಕ್ಕಾಲು ಪಾಲು ಉಜ್ಜೋದು, ಕಾಲು ಪಾಲು ಬಳಿಯೋದು" ಅಂದ್ರು. ಮಾಡಿದ ಕ್ರಮ ಹೀಗೆ:

1. ಮ್ಯಾಟ್ ತೆಗೆದು, ಸೋಪು ಹಾಕಿ, ಮೂಲೆಮೂಲೆಯನ್ನೂ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿದ್ದು. ಉಪ್ಪಿನಂಶ ಪೇಂಟಿನ ಅಡಿಯಲ್ಲಿ ಉಳಿದರೆ ಅದೇ ನೀರೆಳೆದು ಗುಳ್ಳೆ ಏಳಿಸುತ್ತದೆ.

2. ತೂತಾದ ತಗಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದ್ದು. ತೂತಿಗೆ ಪುಟ್ಟಿ ಮೆತ್ತಿ ಮುಚ್ಚಲು ಒಪ್ಪಬೇಡಿ, ಕಾಲಿಟ್ಟವರಿಗೆ ಅದು ಬಲೆ.

3. ವೈರ್ ಬ್ರಷ್ ಮತ್ತು ಗ್ರೈಂಡರಿನಲ್ಲಿ ಕಬ್ಬಿಣ ಬೆಳ್ಳಗೆ ಕಾಣುವ ತನಕ ಉಜ್ಜಿದ್ದು. ಬ್ರಷ್ ಹೋಗದ ಸಂದಿಗೆ ಮಾತ್ರ ರಸ್ಟ್ ಕನ್ವರ್ಟರ್. ಅದರಲ್ಲಿ ಕೆಲವು ಟ್ಯಾನಿನ್‌ನಿಂದ ಮಾಡಿದವು. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದಲ್ಲ, ಅದೇ ರಸಾಯನ. ಹಾಗಂತ ಚೊಗರನ್ನೇ ಬಳಿಯಬೇಡಿ, ಅದರ ಹದ ಒಂದೇ ಸಮ ಇರುವುದಿಲ್ಲ.

4. ಉಜ್ಜಿದ ದಿನವೇ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಪೇಂಟ್ ಮತ್ತು ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಿರುತ್ತದೆ, ಅಂದಾಜಿನಲ್ಲಿ ಬೆರೆಸಬಾರದು. ಎಪಾಕ್ಸಿ ಸುಣ್ಣ, ಗಂಜಲ ಎರಡಕ್ಕೂ ತಡೆಯುತ್ತದೆ.

5. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಅದಕ್ಕೇ ಮೇಲೆ ಇನ್ನೊಂದು ಪದರ ಬೇಕೇ ಬೇಕು. ಡಬ್ಬಿಯೊಳಗೆ ತರಿತರಿಯಾದ ಪಾಲಿಯುರೆಥೇನ್ ಬೆಡ್‌ಲೈನರ್, ಹೊರಬದಿಗೆ ಪಿಯು ಪೇಂಟ್. ಬೆಡ್‌ಲೈನರ್ ದಪ್ಪ ಇರುವುದರಿಂದ ಕ್ರೇಟ್ ಎಳೆದರೂ ತಡೆಯುತ್ತದೆ, ಒದ್ದೆಯಾದರೂ ಕಾಲು ಜಾರುವುದಿಲ್ಲ. ಮ್ಯಾಟಿನ ಅಗತ್ಯವೇ ಇಲ್ಲ.

6. ಒಂದು ವಾರ ಗಾಡಿಗೆ ಏನೂ ತುಂಬದೆ ಬಿಟ್ಟಿದ್ದು. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಗಟ್ಟಿಯಾಗಿದೆ ಅಂತಲ್ಲ.

ಇದೆಲ್ಲ ಮಾಡಿದ್ದು ಫೆಬ್ರವರಿಯಲ್ಲಿ. ಗಾಳಿಯಲ್ಲಿ ತೇವಾಂಶ ಶೇ. 85 ದಾಟಿದ ದಿನ ಇಂಥ ಪೇಂಟ್ ಮಾಡಬಾರದು. ಹಾಗಾಗಿ ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಬಿಟ್ಟುಬಿಡಿ. ಬೇಸಿಗೆಯಲ್ಲೂ ಇಬ್ಬನಿ ಆರಿದ ಮೇಲೆ ಶುರುಮಾಡಿ, ಸಂಜೆ ಇಬ್ಬನಿ ಇಳಿಯುವ ಮೊದಲು ಮುಗಿಸಿ.

ಒಂದು ಎಚ್ಚರಿಕೆ: ಪಿಯು ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಾಟಕ್ಕೆ ಅಪಾಯ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಪೇಂಟರ್ ಹತ್ತಿರ ಇಲ್ಲದಿದ್ದರೆ ನೀವೇ ತಂದು ಕೊಡಿ. ಹಳೇ ಗಾಡಿ, ಟ್ರೇಲರಿನ ಪೇಂಟ್ ಕೆರೆಯುವಾಗ ಕೆಳಗೆ ಟಾರ್ಪಾಲ್ ಹಾಸಿ ಪುಡಿ ಒಟ್ಟುಮಾಡಿ. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದು 2016ರ ನಿಯಮ ಇದೆ. ವಾಹನದ ಪೇಂಟ್ ಆ ನಿಯಮದೊಳಗೆ ಬರುವುದಿಲ್ಲ. ತೋಟದ ಮಣ್ಣಿಗೆ ಆ ಪುಡಿ ಬೇಡ.

ಎಲ್ಲರಿಗೂ ಇಷ್ಟು ಖರ್ಚು ಬೇಕೇ?

ಬೇಡ. ಬರೀ ಹುಲ್ಲು, ದರಕು, ಅಡಿಕೆ ಮೂಟೆ ಸಾಗಿಸುವ ಗಾಡಿಗೆ ಜಿಂಕ್ ಫಾಸ್ಫೇಟ್ ಪ್ರೈಮರ್, ಮೇಲೆ ಎನಾಮೆಲ್ ಸಾಕು. ವರ್ಷಕ್ಕೊಮ್ಮೆ ಗೀರು ಬಿದ್ದಲ್ಲಿ ತಿದ್ದಿ. ಬರೀ ರೆಡ್ ಆಕ್ಸೈಡ್ ಬಳಿದು ಬಿಡಬೇಡಿ. ಅದು ಪ್ರೈಮರ್ ಮಾತ್ರ, ಮೇಲೆ ಕೋಟ್ ಇಲ್ಲದಿದ್ದರೆ ನೀರು ಒಳಗಿಳಿಯುತ್ತದೆ. ಗಾಡಿಯ ಅಡಿಗೆ ಡಾಂಬರಿನಂಥ ಅಂಡರ್‌ ಬಾಡಿ ಕೋಟಿಂಗ್ ಹೊಡೆಸುವವರು ಮೊದಲು ತುಕ್ಕು ತೆಗೆಸಿ. ತುಕ್ಕಿನ ಮೇಲೆ ಹೊಡೆದರೆ ಒಳಗೊಳಗೇ ತಿನ್ನುವುದು ಕಾಣುವುದೂ ಇಲ್ಲ. ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ. ಬ್ರೇಕ್, ಸೈಲೆನ್ಸರ್ ಮೇಲೆ ಬೀಳದಂತೆ ನೋಡಿ.

ಸುಟ್ಟ ಆಯಿಲ್ ಬಳಿಯುವ ಪದ್ಧತಿ ನಮ್ಮಲ್ಲಿದೆ, ನಮ್ಮ ಅಪ್ಪಯ್ಯನೂ ಬಳಿಯುತ್ತಿದ್ದರು. ಅದು ತೊಟ್ಟಿಕ್ಕುವುದು ನಮ್ಮ ತೋಟದ ಮಣ್ಣಿಗೇ, ರಬ್ಬರ್ ಬುಷ್‌ಗಳೂ ಉಬ್ಬಿ ಹಾಳಾಗುತ್ತವೆ. ಸಾವಯವ ಅಂತ ಬೋರ್ಡ್ ಹಾಕಿಕೊಂಡವರು ಮಾಡುವ ಕೆಲಸ ಅಲ್ಲ.

ಯಾವ ಕೋಟಿಂಗ್ ಹಾಕಿದರೂ ಔಷಧಿ ಸಾಗಿಸಿದ ಸಂಜೆ ಎರಡು ಕೊಡ ನೀರು ಹೊಯ್ಯುವುದು ತಪ್ಪಬಾರದು. ಖರ್ಚಿಲ್ಲದ ಕೋಟಿಂಗ್ ಅದು.

ನನ್ನ ಗಾಡಿಗೆ ಈಗ ಒಂದು ಮಳೆಗಾಲ ದಾಟಿದೆ. ಹಿಂಬಾಗಿಲ ಹತ್ತಿರ ಡ್ರಮ್ ಉಜ್ಜಿ ಎರಡು ಕಡೆ ಎದ್ದಿತ್ತು, ಒಣಗಿಸಿ ತಿದ್ದಿದ್ದೇನೆ. ಉಳಿದಂತೆ ಗುಳ್ಳೆ ಇಲ್ಲ. ಕೊನೆಗಾರ ಮಾತ್ರ ಈ ವರ್ಷವೂ ಹತ್ತುವ ಮೊದಲು ಒಂದು ಕಾಲು ಕೆಳಗೇ ಇಟ್ಟು, ಇನ್ನೊಂದರಲ್ಲಿ ತಳ ಒತ್ತಿ ನೋಡಿದ. "ಗಟ್ಟಿ ಉಂಟು" ಅಂದ. ಎರಡನೇ ಔಷಧಿ ಸಮಯಕ್ಕೆ ಸರಿಯಾಗಿ ಆಯಿತು.

ನಿಮ್ಮ ಗಾಡಿಯಲ್ಲೂ ಮ್ಯಾಟ್ ಇದ್ದರೆ ಈ ಭಾನುವಾರ ಎತ್ತಿ ನೋಡಿ. ಸುತ್ತಿಗೆಯ ಹಿಡಿಯಿಂದ ತಗಡು ತಟ್ಟಿ. ಠಣ್ ಅಂದರೆ ತೊಳೆದು ಒಣಗಿಸಿ, ಬೇಸಿಗೆಗೆ ಪೇಂಟ್ ಮಾಡಿಸಿ. ಬೊದ್ದು ಸದ್ದು ಬಂದರೆ ಬೇಸಿಗೆಗೆ ಕಾಯಬೇಡಿ. ಟಿಂಕರ್ ಹತ್ತಿರ ಹೋಗಿ, ಅಲ್ಲಿಯ ತನಕ ಯಾರನ್ನೂ ಹಿಂದೆ ಹತ್ತಿಸಬೇಡಿ.