ಆರು ಅಂಕದ ಉತ್ತರಪತ್ರಿಕೆ

ಮಕ್ಕಳ ಉತ್ತರಪತ್ರಿಕೆ ಕೈಗೆ ಬಂದಾಗ ನಾವು ಮೊದಲು ನೋಡುವುದು ಏನನ್ನು? ಮೇಲಿನ ಮೂಲೆಯ ಕೆಂಪು ಅಂಕೆಯನ್ನು. ಬಹಳ ಸಲ ಕೊನೆಗೆ ನೋಡುವುದೂ ಅದನ್ನೇ. ಸೆಮಿನರಿಯಲ್ಲಿ ತರ್ಕಶಾಸ್ತ್ರದ ಪತ್ರಿಕೆಯನ್ನು ಅಂಕ ನೋಡಿ ಮಡಚಿಟ್ಟವರಲ್ಲಿ ನಾವೂ ಒಬ್ಬರು.

ಅಕ್ಕಲಕೋಟೆ ತಾಲ್ಲೂಕು ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಕನ್ನಡ ಶಾಲೆಗಳಿವೆ, ಬಾಲಭಾರತಿಯವರು ಕನ್ನಡದಲ್ಲೇ ಪಠ್ಯ ಮುದ್ರಿಸುತ್ತಾರೆ. ಹತ್ತನೆಯದು ಮುಗಿಸಿ ವಿಜ್ಞಾನ ಓದಲು ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರಕ್ಕೆ ಬಂದರೆ ಪುಸ್ತಕವೂ ಪ್ರಶ್ನೆಯೂ ಇಂಗ್ಲಿಷಿನಲ್ಲಿ. ಹಾಗೆ ಬಂದು ಹನ್ನೆರಡನೆಯ ತರಗತಿ ಓದುತ್ತಿದ್ದ, ನಮಗೆ ಪರಿಚಯದ ಮನೆಯ ಹುಡುಗಿಯೊಬ್ಬಳು ಕ್ಯಾಲ್ಕುಲಸ್ ಪರೀಕ್ಷೆಯ ಪತ್ರಿಕೆ ಹಿಡಿದು ಬಂದಳು. ಇಪ್ಪತ್ತಕ್ಕೆ ಆರು.

“ಫಾದರ್, ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗ್ತೀನ್ರಿ. ಗಣಿತ ನನ್ನ ತಲಿಗೆ ಹತ್ತಂಗಿಲ್ಲ.”

ಕ್ಯಾಲ್ಕುಲಸ್ ನಮಗೂ ಅಷ್ಟಕ್ಕಷ್ಟೇ. ಹೋದ 14 ಅಂಕ ಎಲ್ಲೆಲ್ಲಿ ಹೋದವು ಎಂದು ಅವಳಿಂದಲೇ ಬರೆಸಿದೆವು.

ಎರಡು ಲೆಕ್ಕಗಳಲ್ಲಿ ಹೋದ 6 ಅಂಕಗಳಿಗೆ ಕಾರಣ ಒಂದೇ ತಪ್ಪು. ಎರಡು ಪದಗಳ ಗುಣಲಬ್ಧದ ಡಿರೈವೇಟಿವ್ ಎಂದರೆ ಅವೆರಡರ ಡಿರೈವೇಟಿವ್‌ಗಳ ಗುಣಲಬ್ಧ ಎಂದು ಅವಳು ತಿಳಿದಿದ್ದಳು. ಎಕ್ಸ್ ಅನ್ನು ಎಕ್ಸ್‌ನಿಂದಲೇ ಗುಣಿಸಿ ನೋಡಿದರೆ ಸಾಕು: ಅವಳ ನಿಯಮದಂತೆ 1 ಬರುತ್ತದೆ, ಬರಬೇಕಾದದ್ದು ಎರಡು ಎಕ್ಸ್. ಕ್ಯಾಲ್ಕುಲಸ್ ಕಟ್ಟಿದ ಇಬ್ಬರಲ್ಲಿ ನ್ಯೂಟನ್ ಒಬ್ಬರು, ಜರ್ಮನಿಯ ಲೈಬ್ನಿಟ್ಸ್ ಇನ್ನೊಬ್ಬರು. 1675ರ ನವೆಂಬರಿನಲ್ಲಿ ಲೈಬ್ನಿಟ್ಸರೂ ಹೀಗಿರಬಹುದೇ ಎಂದು ಕೇಳಿಕೊಂಡು, ಇಂಥದ್ದೇ ಲೆಕ್ಕದಿಂದ ಅಲ್ಲವೆಂದು ಕಂಡುಕೊಂಡರು. ಇದನ್ನು ಹೇಳಿದಾಗ ಹುಡುಗಿ ಮೊದಲ ಸಲ ನಕ್ಕಳು.

ಇನ್ನು ಮೂರು ಅಂಕ ಲಿಮಿಟ್‌ನಲ್ಲಿ ಹೋಗಿದ್ದವು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಸ್ಥಿತಿ ಬಂದಾಗ ಉತ್ತರ ಸೊನ್ನೆ ಎಂದು ಬರೆದಿದ್ದಳು.

ಉಳಿದ ಐದು ಅಂಕದ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. “ಯಾಕವ್ವಾ?” ಎಂದರೆ, “ತಿಳೀಲಿಲ್ರಿ” ಎಂದಳು. ನಾವು ಓದಿ ಕನ್ನಡದಲ್ಲಿ ಹೇಳಿದೆವು. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ. ಅದರ ಬುಡ ಸೆಕೆಂಡಿಗೆ 1 ಮೀಟರಿನಂತೆ ಗೋಡೆಯಿಂದ ದೂರ ಸರಿಯುತ್ತಿದೆ. ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿರುವಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ?

“ಇಷ್ಟೇ ಏನ್ರಿ? ಇದು ಪೈಥಾಗೊರಸನ ಪ್ರಮೇಯ ಅಲ್ಲೇನ್ರಿ!”

ಕನ್ನಡ ಶಾಲೆಯಲ್ಲಿ ಕಲಿತ ಪ್ರಮೇಯದಿಂದ ಎತ್ತರ 4 ಮೀಟರ್ ಎಂದು ತೆಗೆದು, ಹತ್ತು ನಿಮಿಷದಲ್ಲಿ ಉತ್ತರ ಬರೆದಳು: ಸೆಕೆಂಡಿಗೆ ಮುಕ್ಕಾಲು ಮೀಟರ್. ಆ ಐದು ಅಂಕ ಕಳೆದದ್ದು ಗಣಿತದಿಂದಲ್ಲ, ಇಂಗ್ಲಿಷಿನಿಂದ. ಇದನ್ನು ಕೆಂಪು ಶಾಯಿಯ ಆರು ಹೇಳುವುದಿಲ್ಲ. ತಂದೆತಾಯಂದಿರೇ, ಇಂಥ ಪತ್ರಿಕೆ ಮನೆಗೆ ಬಂದರೆ ಬೈಯುವ ಮೊದಲು ಒಳಪುಟ ತೆರೆಸಿರಿ. ನಿಮಗೆ ಗಣಿತ ಬರಬೇಕೆಂದೇನೂ ಇಲ್ಲ.

ಪ್ರಶ್ನೆಗಳಲ್ಲಿ ಬರುವ ಇಂಗ್ಲಿಷ್ ಮಾತುಗಳನ್ನು ಕನ್ನಡ ಅರ್ಥದೊಂದಿಗೆ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯತೊಡಗಿದಳು. ಲಿಮಿಟ್ ಮಾತ್ರ ನಮ್ಮಿಬ್ಬರಿಗೂ ಬಗೆಹರಿಯಲಿಲ್ಲ. ಸೋಮವಾರ ಪತ್ರಿಕೆ ಹಿಡಿದು ಸರ್ ಬಳಿ ಹೋದಳು. ಅಂಕ ಆರೇ ಉಳಿಯಿತು. ಆರ್ಟ್ಸಿನ ಮಾತು ಮತ್ತೆ ಬರಲಿಲ್ಲ.