ಉದ್ದ ತೋಳಿನ ಹಳೆ ಗಾಡಿ ಕೊಳ್ಳುವ ಮುನ್ನ

ಸಿರುಗುಪ್ಪ ಸೀಮೆಯಲ್ಲಿ ನೆಲ್ಲಿನ ಚೀಲವೆಂದರೆ 75 ಕಿಲೋ. ಒಬ್ಬ ಗಂಡಾಳಿನ ಮೇಲೆ 55 ಕಿಲೋಗಿಂತ ಹೆಚ್ಚು ಹೊರಿಸುತ್ತಿದ್ದರೆ ಅದನ್ನು ಬೇಗ ಇಳಿಸಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಅದು ತುಂಗಭದ್ರೆಯ ದಂಡೆಗೆ ಇನ್ನೂ ಬಂದು ಮುಟ್ಟಿಲ್ಲ. ಸುಗ್ಗಿಯಲ್ಲಿ ರೈಸ್‌ಮಿಲ್ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ನಿಂತಾಗ ಹಮಾಲರ ಬೆನ್ನೇ ಇಲ್ಲಿ ಎಲ್ಲ ಯಂತ್ರ. ಆ ಬೆನ್ನು ಸಿಗದ ದಿನ ಮಿಲ್ ಮಾಲೀಕರ ಬಾಯಲ್ಲಿ ‘ಒಂದು ಹಳೆ ಲೋಡಾಲ್ ತಂದುಬಿಡೋಣ’ ಎಂಬ ಮಾತು ಬರುತ್ತದೆ. ಕುರುಗೋಡಿನ ಹತ್ತಿ, ಮೆಣಸಿನಕಾಯಿ ಬೆಳೆಗಾರರಿಗೂ ಬಳ್ಳಾರಿಯ ಗೋದಾಮಿನವರಿಗೂ ಈ ಯೋಚನೆ ಹೊಸದಲ್ಲ. ಹೊಸದು ತರಲು ಕೈ ಸಾಲದು, ಬಾಡಿಗೆಗೆ ಕರೆಸಿದರೆ ಹೇಳಿದ ಹೊತ್ತಿಗೆ ಬರುವುದಿಲ್ಲ. ಉಳಿದದ್ದು ಸೆಕೆಂಡ್ ಹ್ಯಾಂಡ್.

ಈ ಲೋಡಾಲ್, ಅಂದರೆ ಟೆಲಿಹ್ಯಾಂಡ್ಲರ್, ನೋಡಲು ವಿಚಿತ್ರವಾದ ಗಾಡಿ. ನಾಲ್ಕೂ ಚಕ್ರ ಒಂದೇ ಅಳತೆ, ಕ್ಯಾಬಿನ್ ಒಂದು ಪಕ್ಕಕ್ಕೆ, ಅದರ ಮಗ್ಗುಲಲ್ಲೇ ಹಿಂದಿನಿಂದ ಮುಂದಕ್ಕೆ ಚಾಚಿದ ಉದ್ದನೆಯ ಬೂಮ್. ಬೂಮಿನೊಳಗೆ ಇನ್ನೊಂದು ಬೂಮ್ ಇದ್ದು ಹೈಡ್ರಾಲಿಕ್ ಒತ್ತಡಕ್ಕೆ ಹೊರಗೆ ಜಾರುತ್ತದೆ. ತುದಿಗೆ ಫೋರ್ಕ್ ಹಾಕಿದರೆ ಪ್ಯಾಲೆಟ್ ಎತ್ತುತ್ತದೆ, ಬಕೆಟ್ ಹಾಕಿದರೆ ಭತ್ತವನ್ನೋ ಹೊಟ್ಟನ್ನೋ ಬಾಚುತ್ತದೆ, ಕೊಕ್ಕೆ ಹಾಕಿದರೆ ಸಣ್ಣ ಕ್ರೇನು. ಗೋದಾಮಿನ ಸಾದಾ ಫೋರ್ಕ್‌ಲಿಫ್ಟ್ ಸಿಮೆಂಟು ನೆಲ ಬಿಟ್ಟು ಎರೆಮಣ್ಣಿಗೆ ಇಳಿದರೆ ಅಲ್ಲೇ ಹೂತು ಕೂರುತ್ತದೆ; ಇದು ಹಾಗಲ್ಲ. 1958ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬ್ರೋ ಎಂಬುವರು ಟ್ರ್ಯಾಕ್ಟರಿನ ಸೀಟು, ಸ್ಟೇರಿಂಗನ್ನು ಹಿಂದುಮುಂದಾಗಿಸಿ, ದೊಡ್ಡ ಚಕ್ರದ ಕಡೆಗೆ ಫೋರ್ಕ್ ಕಟ್ಟಿ, ಹೊಲಗದ್ದೆಯಲ್ಲೂ ಓಡುವ ಫೋರ್ಕ್‌ಲಿಫ್ಟ್ ಮಾಡಿದರು. ಅದರಿಂದ ಮ್ಯಾನಿಟೂ ಕಂಪನಿ ಬೆಳೆಯಿತು. ಇಂಗ್ಲೆಂಡಿನ ಜೆಸಿಬಿ 1977ರಲ್ಲಿ ತನ್ನ ಲೋಡಾಲ್ ತಂದಿತು. ನಮ್ಮಲ್ಲಿ ಗುಂಡಿ ತೋಡುವ ಯಂತ್ರಕ್ಕೆಲ್ಲ ಜೆಸಿಬಿ ಎನ್ನುವಂತೆ ಈ ಜಾತಿಯ ಗಾಡಿಗೆಲ್ಲ ಲೋಡಾಲ್ ಎನ್ನುವುದು ರೂಢಿ.

ಹಳೆ ಗಾಡಿ ನೋಡಲು ಹೋದವರು ಮೊದಲು ಬೂಮಿನ ಮೇಲೆ ಬರೆದ ಅಂಕಿ ಓದಲು ಕಲಿಯಬೇಕು. ಜೆಸಿಬಿಯ 530-70 ಎಂಬುದರಲ್ಲಿ 30 ಅಂದರೆ ಮೂರು ಟನ್, 70 ಅಂದರೆ ಏಳು ಮೀಟರ್ ಎತ್ತರ. 530-110 ಅದೇ ಮೂರು ಟನ್ನನ್ನು ಹಿಡಿದು ಹನ್ನೊಂದು ಮೀಟರಿನ ಜಾತಿಗೆ ಸೇರಿದ್ದು. ಮ್ಯಾನಿಟೂ ಲೆಕ್ಕ ಉಲ್ಟಾ: 732 ಎಂದರೆ ಮೊದಲು ಏಳು ಮೀಟರ್, ಆಮೇಲೆ 3.2 ಟನ್. ಇಷ್ಟು ತಿಳಿದವರನ್ನು ದಲ್ಲಾಳಿ ಸ್ವಲ್ಪ ಎಚ್ಚರದಿಂದಲೇ ಮಾತಾಡಿಸುತ್ತಾನೆ.

ಆದರೆ ಆ ಮೂರು ಟನ್ ನಿಜಕ್ಕೂ ಮೂರು ಟನ್ ಆಗಿರುವುದು ಬೂಮ್ ಒಳಗಿದ್ದಾಗ ಮಾತ್ರ. ಅದನ್ನು ಪೂರ್ತಿ ಮುಂದಕ್ಕೆ ಚಾಚಿದರೆ ಅದೇ ಗಾಡಿ ಒಂದು ಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಎಷ್ಟು ಚಾಚಿದರೆ ಎಷ್ಟು ತೂಕ ಎಂಬ ಲೋಡ್ ಚಾರ್ಟ್ ಕ್ಯಾಬಿನ್ನಿನೊಳಗೆ ಇರಬೇಕು. ಅದು ಕಿತ್ತುಹೋಗಿದ್ದರೆ ಆ ಗಾಡಿಯನ್ನು ಚಾರ್ಟ್ ನೋಡದವರ ಕೈಯಲ್ಲೇ ಇಷ್ಟು ದಿನ ಓಡಿಸಿದ್ದಾರೆ ಎಂದು ತಿಳಿಯಬಹುದು. ಹೊರೆ ಮೀರಿದಾಗ ಕೂಗುವ ಅಲಾರಂ ಒಂದಿರುತ್ತದೆ. ಕೆಲಸಕ್ಕೆ ಅಡ್ಡಿ ಎಂದು ಅದರ ವೈರ್ ಕತ್ತರಿಸಿದ ಗಾಡಿಗಳು ಇರುತ್ತವೆ. ಆ ಅಲಾರಮ್ಮಿನ ಹಸಿರು, ಹಳದಿ, ಕೆಂಪು ದೀಪ ಮೂರೂ ಹತ್ತುತ್ತವೆಯೋ ಇಲ್ಲವೋ ನೋಡದೆ ಮುಂಗಡ ಕೊಡಬೇಡಿ.

ಇನ್ನು ನಿಮ್ಮ ಹೊರೆ ಯಾವುದು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಹಲವರು ದೊಡ್ಡ ಗಾಡಿಯ ಹಿಂದೆ ಬೀಳುತ್ತಾರೆ. ನೂರು ಕ್ವಿಂಟಲ್ ಭತ್ತ ಅರೆದರೆ ಇಪ್ಪತ್ತು ಕ್ವಿಂಟಲ್‌ನಷ್ಟು ಹೊಟ್ಟು ಬರುತ್ತದೆ. ಹೊಟ್ಟು ಹಗುರ, ಒಂದು ಘನ ಮೀಟರ್ ತುಂಬಿದರೂ ತೂಕ ಒಂದು ಕ್ವಿಂಟಲ್ ಸುತ್ತಮುತ್ತ. ಅದೇ ಬಕೆಟ್ಟಿನಲ್ಲಿ ಭತ್ತ ತುಂಬಿದರೆ ಐದೂವರೆ ಆರು ಕ್ವಿಂಟಲ್. ಅಂದರೆ ಬಾಯ್ಲರ್‌ಗೆ ಹೊಟ್ಟು ಹಾಕುವ ಮಿಲ್ಲಿಗೆ ಗಾಡಿ ಎಷ್ಟು ಟನ್ ಎತ್ತುತ್ತದೆ ಎಂಬುದು ಮುಖ್ಯವೇ ಅಲ್ಲ, ಬಕೆಟ್ ಎಷ್ಟು ದೊಡ್ಡದು ಎಂಬುದೇ ಮುಖ್ಯ. ಮಣ್ಣು ತುಂಬುವ ಸಣ್ಣ ಬಕೆಟ್ಟಿನ ಗಾಡಿ ತಂದು ದಿನವಿಡೀ ಹೊಟ್ಟು ಬಾಚಿಸುವವರು ಡೀಸೆಲ್ಲನ್ನು ಸುಮ್ಮನೆ ಸುಡುತ್ತಿರುತ್ತಾರೆ. ಹಗುರ ಸರಕಿಗೆಂದೇ ಅಗಲ ಬಕೆಟ್ ಸಿಗುತ್ತದೆ. ಗಾಡಿಯ ಜತೆಗೇ ಅದನ್ನೂ ಮಾತಾಡಿ ಮುಗಿಸಿಕೊಳ್ಳಬೇಕು.

ಚೀಲದ ಕಥೆ ಬೇರೆ. ಇಪ್ಪತ್ತು ಚೀಲ ಭತ್ತ ಅಂದರೆ ಒಂದೂವರೆ ಟನ್. ಏಳು ಮೀಟರಿನ ಗಾಡಿಗೆ ಅದು ಸಲೀಸು. ಆದರೆ ನೆಲದ ಮೇಲೆ ಲಾಟು ಹಾಕಿದ ಚೀಲಗಳ ಕೆಳಗೆ ಫೋರ್ಕ್ ತೂರಿಸುವುದು ಹೇಗೆ? ಪ್ಯಾಲೆಟ್ ಇಲ್ಲದ ಗೋದಾಮಿಗೆ ಫೋರ್ಕ್ ತಂದವರು ಕೊನೆಗೆ ಹಮಾಲರನ್ನೇ ಕರೆದು ಫೋರ್ಕಿನ ಮೇಲೆ ಚೀಲ ಪೇರಿಸಿಕೊಳ್ಳಬೇಕಾಗುತ್ತದೆ. ಗಾಡಿಯ ದುಡ್ಡಿನಲ್ಲೇ ಒಂದು ಪಾಲನ್ನು ಮರದ ಪ್ಯಾಲೆಟ್ಟಿಗೋ, ಒಂದು ಟನ್ ಹಿಡಿಸುವ ಜಂಬೋ ಚೀಲಕ್ಕೋ ಎತ್ತಿಡದಿದ್ದರೆ ಈ ಖರೀದಿ ಅರ್ಧಕ್ಕೇ ನಿಂತಂತೆ. ಹತ್ತಿ ಜಿನ್ನಿಂಗ್‌ನಲ್ಲಿ ಈ ರಗಳೆಯಿಲ್ಲ. ಒತ್ತಿ ಕಟ್ಟಿದ ಬೇಲ್ ಒಂದರ ತೂಕ 170 ಕಿಲೋ, ಗಟ್ಟಿ, ಚೌಕ. ಇಂಥ ಯಂತ್ರಕ್ಕೆ ಹೇಳಿ ಮಾಡಿಸಿದ ಸರಕು. ಮೆಣಸಿನಕಾಯಿ ಶೀತಲಗೃಹದ ಒಳಗೆ ಮಾತ್ರ ಡೀಸೆಲ್ ಗಾಡಿ ಬೇಡ. ಹೊಗೆಯೂ ಮೆಣಸಿನಕಾಯಿಯೂ ಒಂದೇ ಕೋಣೆಯಲ್ಲಿ ಇರಬಾರದು, ಒಳಗೆ ಕೆಲಸ ಮಾಡುವವರಂತೂ ಇರಲೇಬಾರದು.

ಹಳೆ ಗಾಡಿಯನ್ನು ಪರೀಕ್ಷಿಸುವುದು ಒಂದು ಕಸುಬು. ಬಳ್ಳಾರಿಯಲ್ಲಿ ಈ ಕಸುಬು ಬಲ್ಲವರಿಗೆ ಕೊರತೆಯಿಲ್ಲ, ಅದಕ್ಕೆ ಕಾರಣ ಗಣಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಟಿಪ್ಪರು, ಲೋಡರುಗಳು ಇದ್ದಲ್ಲೇ ನಿಂತವು. ಕಂತು ಕಟ್ಟಲಾಗದವರ ಗಾಡಿಗಳನ್ನು ಫೈನಾನ್ಸಿನವರು ಎಳೆದೊಯ್ದರು. ನಿಂತ ಯಂತ್ರಕ್ಕೆ ಬೆಲೆ ಕಟ್ಟುವುದನ್ನು ಊರಿಗೆ ಊರೇ ಕಲಿತದ್ದು ಆ ವರ್ಷಗಳಲ್ಲಿ. ಪಿನ್ನು ಬುಷ್ಷು ಮುಟ್ಟಿಯೇ ಗಾಡಿಯ ವಯಸ್ಸು ಹೇಳುವ ಮೆಕ್ಯಾನಿಕ್ ಒಬ್ಬನನ್ನು ಜತೆಗೆ ಕರೆದೊಯ್ಯಲು ಕೊಡುವ ಒಂದು ದಿನದ ಕೂಲಿ ಈ ವ್ಯವಹಾರದಲ್ಲೇ ಅತ್ಯಂತ ಅಗ್ಗದ ಖರ್ಚು.

ಅಂಥವರು ಮೊದಲು ಕೇಳುವುದು ಮೀಟರಿನ ಗಂಟೆಗಳನ್ನಲ್ಲ. ಮೀಟರ್ ಬದಲಾಯಿಸುವುದು ಸುಲಭ. ಸವೆದ ಪೆಡಲ್ ರಬ್ಬರು, ಸೀಟಿನ ಅಂಚು, ಸ್ಟೇರಿಂಗಿನ ನುಣುಪು ಬದಲಾಯಿಸಲು ಮಾರುವವನಿಗೆ ಪುರುಸೊತ್ತಿರುವುದಿಲ್ಲ. ಅವರ ಮೊದಲ ಪ್ರಶ್ನೆ ‘ಇದು ಎಲ್ಲಿ ದುಡಿದಿದ್ದು?’ ಎಂಬುದು. ಸಂಡೂರಿನ ಕೆಂಪು ದೂಳು ತಿಂದ ಗಾಡಿಯ ಪಿನ್ನುಗಳನ್ನು ಅದಿರಿನ ಪುಡಿ ಉಜ್ಜುಕಾಗದದಂತೆ ತಿಂದಿರುತ್ತದೆ. ಹೊಸ ಬಣ್ಣ ಹೊಡೆದಿದ್ದರೂ ಬೂಮಿನ ಬುಡದ ಗ್ರೀಸಿನಲ್ಲಿ, ಸೀಟಿನ ಕೆಳಗೆ, ವೈರಿನ ಸಂದಿಯಲ್ಲಿ ಆ ಕೆಂಪು ಉಳಿದಿರುತ್ತದೆ. ಸ್ಪಾಂಜ್ ಐರನ್ ಕಾರ್ಖಾನೆಯ ಗಾಡಿಯಾದರೆ ಕಪ್ಪು ಮಸಿ. ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ ಬಾಚಿದ್ದಾದರೆ ರೇಡಿಯೇಟರಿನ ಸಂದುಗಳಲ್ಲಿ ನಾರು ಸಿಕ್ಕಿಕೊಂಡು ಎಂಜಿನ್ ಕಾದು ಕಾದು ಬಳಲಿರುತ್ತದೆ. ರಸಗೊಬ್ಬರದ ಗೋದಾಮಿನಲ್ಲಿದ್ದದ್ದು ಹೊರಗೆ ಚೆಂದ, ಒಳಗೆ ತುಕ್ಕು. ಕಟ್ಟಡದ ಸೈಟಿನಲ್ಲಿ ಇಟ್ಟಿಗೆ, ಕಂಬಿ ಎತ್ತಿದ ಗಾಡಿ ಇವುಗಳಲ್ಲೆಲ್ಲ ವಾಸಿ ಎಂದು ನನ್ನ ಅನಿಸಿಕೆ. ಅದರ ಬೂಮ್ ಹೆಚ್ಚು ದುಡಿದಿರುತ್ತದೆ, ಆದರೆ ಬೂಮಿನ ಸವೆತ ಕಣ್ಣಿಗೆ ಕಾಣುವಂಥದ್ದು.

ಬೆಳಿಗ್ಗೆ ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಾಗುವವರೆಗೆ ಚಹಾ ಕುಡಿದು ಬನ್ನಿ. ತಣ್ಣನೆಯ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ, ನೀಲಿ ಹೊಗೆ ನಿಲ್ಲುತ್ತದೋ ಇಲ್ಲವೋ ಎಂಬುದರಲ್ಲೇ ಅರ್ಧ ಜಾತಕ ಇದೆ. ಬೂಮನ್ನು ಪೂರ್ತಿ ಹೊರಗೆ ಚಾಚಿಸಿ. ಒಳಬೂಮ್ ಜಾರುವ ಕಡೆ ಪ್ಯಾಡುಗಳಿರುತ್ತವೆ. ಅವು ಸವೆದರೆ ಬೂಮ್ ಅಕ್ಕಪಕ್ಕಕ್ಕೆ ಅಲುಗುತ್ತದೆ, ಉಕ್ಕಿಗೆ ಉಕ್ಕು ತಾಗಿ ಗೀರು ಬಿದ್ದಿರುತ್ತದೆ. ಪ್ಯಾಡ್ ಬದಲಿಸುವುದು ಸಣ್ಣ ಕೆಲಸ, ಗೀರು ಬಿದ್ದ ಬೂಮ್ ದೊಡ್ಡ ತಲೆನೋವು. ಬೂಮಿನ ಮೇಲೆ ಎಲ್ಲಾದರೂ ವೆಲ್ಡಿಂಗ್ ಮಾಡಿ ಬಣ್ಣ ಬಳಿದದ್ದು ಕಂಡರೆ ಬೆಲೆಯ ಮಾತೇ ಎತ್ತದೆ ವಾಪಸ್ ಬರುವುದು ಒಳ್ಳೆಯದು.

ಆಮೇಲೆ ತೂಕ ಗೊತ್ತಿರುವ ಹೊರೆಯೊಂದನ್ನು ಅರ್ಧ ಎತ್ತರಕ್ಕೆ ಎತ್ತಿಸಿ, ಎಂಜಿನ್ ಆರಿಸಿ, ಯಾರೂ ಕೆಳಗೆ ಸುಳಿಯದಂತೆ ನೋಡಿಕೊಂಡು ಹತ್ತು ನಿಮಿಷ ಕಾಯಿರಿ. ಹೊರೆ ತಾನೇ ತಾನಾಗಿ ಇಳಿಯುತ್ತಾ ಬಂದರೆ ಸಿಲಿಂಡರಿನ ಸೀಲೋ ವಾಲ್ವೋ ಸೋತಿದೆ. ಫೋರ್ಕಿನ ಮಡಿಚಿದ ಮೂಲೆಯನ್ನು ಕ್ಯಾಲಿಪರ್ ಹಿಡಿದು ಅಳೆಯಿರಿ. ದಪ್ಪ ನೂರಕ್ಕೆ ಹತ್ತರಷ್ಟು ಸವೆದಿದ್ದರೆ ಆ ಫೋರ್ಕ್ ಗುಜರಿಗೆ ಹೋಗಬೇಕಾದದ್ದು. ಮುಂದಿನ ಚಕ್ರ ಮಾತ್ರ ತಿರುಗುವುದು, ನಾಲ್ಕೂ ತಿರುಗುವುದು, ಏಡಿಯ ಹಾಗೆ ಅಡ್ಡ ಸರಿಯುವುದು, ಮೂರನ್ನೂ ಮಾಡಿಸಿ. ಗೇರ್ ಹಾಕಿದೊಡನೆ ಹೊರಡದೆ ತಡವರಿಸಿದರೆ, ಎಣ್ಣೆ ಸುಟ್ಟ ವಾಸನೆ ಬಂದರೆ, ಅದರ ಖರ್ಚು ನಿಮ್ಮ ಲೆಕ್ಕಕ್ಕೆ ಬರಲಿದೆ.

ಎಂಜಿನ್ನಿನ ಕಾಲವನ್ನೂ ನೋಡಬೇಕು. 2021ರ ಏಪ್ರಿಲ್‌ನಿಂದ ಇಂಥ ಯಂತ್ರಗಳಿಗೆ ಬಿಎಸ್-4 ನಿಯಮ ಬಂತು. ಅದರ ನಂತರದವು ಬಹುಪಾಲು ಎಲೆಕ್ಟ್ರಾನಿಕ್ ಎಂಜಿನ್. ಡೀಸೆಲ್ ಕಡಿಮೆ ಕುಡಿಯುತ್ತವೆ, ಆದರೆ ಸೆನ್ಸರ್ ಕೈಕೊಟ್ಟರೆ ಲ್ಯಾಪ್‌ಟಾಪ್ ಹಿಡಿದವರು ಬರುವವರೆಗೆ ನಿಂತೇ ಇರುತ್ತವೆ. ಅದಕ್ಕೂ ಮೊದಲಿನವು ಹೊಗೆ ಜಾಸ್ತಿ ಉಗುಳಿದರೂ ತೆಕ್ಕಲಕೋಟೆಯಲ್ಲೇ ಪಂಪು ಬಿಚ್ಚಿ ಜೋಡಿಸುವವರು ಸಿಕ್ಕಾರು. ಸುಗ್ಗಿಯ ಎರಡು ತಿಂಗಳು ಓಡಲೇಬೇಕಾದ ಗಾಡಿಗೆ ಹಳೆಯದೇ ಲೇಸು ಎನ್ನುವ ಪಕ್ಷ ನನ್ನದು.

ಕಾಗದಪತ್ರದಲ್ಲಿ ಈ ಗಡಿಸೀಮೆಗೇ ಸೇರಿದ ಒಂದು ತೊಡಕಿದೆ. ಆದೋನಿ, ಗುಂತಕಲ್ಲು, ರಾಯದುರ್ಗ ನಮಗೆ ಕೂಗಳತೆಯ ಊರುಗಳು. ಅಲ್ಲಿಂದ ಗಾಡಿ ಬರುವುದು ಸಹಜ. ಆಂಧ್ರದಲ್ಲಿ 2019ರಲ್ಲಿ ಎಲ್ಲ ಜಿಲ್ಲೆಗೂ ಎಪಿ-39 ಎಂಬ ಒಂದೇ ಸಂಖ್ಯೆ ಬಂತು, ಹಾಗಾಗಿ ಆಮೇಲೆ ನೋಂದಾದ ಗಾಡಿಯ ನಂಬರ್ ಪ್ಲೇಟ್ ನೋಡಿ ಅದು ಯಾವ ಊರಿನದೆಂದು ಹೇಳಲಾಗದು. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನೋಂದಣಿ, ಅಂದರೆ ಬಳ್ಳಾರಿಯ ಕೆಎ-34, ಆಗಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಫೈನಾನ್ಸ್ ಕಂಪನಿ ಸಹಿ ಹಾಕಿದ ಫಾರಂ 35, ವರ್ಗಾವಣೆಯ 29 ಮತ್ತು 30 ಕೈಗೆ ಬಂದ ಮೇಲೆಯೇ ಉಳಿದ ಹಣ ಎಣಿಸಿ. ಚಾಸಿಸ್ ಮೇಲೆ ಕೊರೆದ ನಂಬರನ್ನು ಆರ್‌ಸಿ ಜತೆ ನಿಮ್ಮ ಕಣ್ಣಲ್ಲೇ ತಾಳೆ ನೋಡಿ.

ಗಾಡಿ ತರುವ ಮುನ್ನ ನಿಮ್ಮ ಅಂಗಳವನ್ನೂ ಅಳೆಯಿರಿ. ಏಳು ಮೀಟರಿನ ಗಾಡಿಯ ಸ್ವಂತ ತೂಕವೇ ಏಳು ಟನ್ ಆಸುಪಾಸು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ವಿತರಣಾ ಕಾಲುವೆಗಳ ಮೇಲೆ ಎತ್ತಿನ ಗಾಡಿಗೆಂದು ಹಾಕಿದ ಚಪ್ಪಡಿಗಳು ಅದನ್ನು ತಾಳುತ್ತವೆಯೇ? ಹಳೆ ಗೋದಾಮಿನ ಬಾಗಿಲಲ್ಲಿ ಅದು ಹಿಡಿಸುತ್ತದೆಯೇ? ಹೊಲದ ಪಂಪ್‌ಸೆಟ್ ಲೈನುಗಳು ಜೋತು ಬಿದ್ದಿರುವ ಕಡೆ ಎತ್ತಿದ ಬೂಮ್ ನೇರ ಮೃತ್ಯು. ಬೂಮ್ ಇಳಿಸದೆ ಗಾಡಿಯನ್ನು ಒಂದು ಮಾರು ಕೂಡ ಓಡಿಸಬಾರದು. ಬಲ್ಬು ಹಾಕಲು, ಶೀಟು ಕಟ್ಟಲು ಆಳನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಮೇಲಕ್ಕೆತ್ತುವ ಚಾಳಿ ನಮ್ಮಲ್ಲಿದೆ. ಅದಕ್ಕೆಂದೇ ತಯಾರಾದ, ಗಾಡಿಗೆ ಬೀಗ ಬೀಳುವ ಬುಟ್ಟಿಯಿಲ್ಲದೆ ಆ ಕೆಲಸಕ್ಕೆ ಇಳಿಯಬೇಡಿ.

ಹತ್ತಿಪ್ಪತ್ತು ಎಕರೆಯ ರೈತನಿಗೆ ಈ ಗಾಡಿ ಬೇಡ. ಇರುವ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಕಟ್ಟಿಸಿಕೊಂಡರೆ ಸಾಕು. ವರ್ಷವಿಡೀ ಓಡುವ ಮಿಲ್ಲಿಗೆ, ಜಿನ್ನಿಂಗ್ ಕಾರ್ಖಾನೆಗೆ, ಹುಲ್ಲಿನ ಬೇಲ್ ಒಟ್ಟಿ ಮಾರುವವರಿಗೆ, ಇಲ್ಲವೇ ನಾಲ್ಕೈದು ಮಂದಿ ಕೂಡಿ ಬಾಡಿಗೆಗೆ ಬಿಡುವವರಿಗೆ ಏಳು ಮೀಟರ್, ಮೂರು ಟನ್, 2021ರ ಏಪ್ರಿಲ್‌ಗಿಂತ ಮೊದಲಿನ, ಗಣಿಯ ದೂಳು ಕಾಣದ ಗಾಡಿ ತಕ್ಕದ್ದು. ಹನ್ನೊಂದು ಮೀಟರಿನದನ್ನು ಅಗ್ಗಕ್ಕೆ ಕೊಡುತ್ತೇನೆಂದರೂ ಬಿಟ್ಟುಬಿಡಿ.