ಆಡಿದವರು, ಆಡಿಸಿದವರು, ಮೆಚ್ಚಿದವರು

ಮಳೆಗಾಲದ ತಿಂಗಳುಗಳಲ್ಲಿ ರಾಜ್ಯದ ಶಾಲಾ ಮೈದಾನಗಳ ಮೇಲೆ ಸುಣ್ಣದ ಗೆರೆಗಳು ಮೂಡುತ್ತವೆ. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಎಂದು ಕಬಡ್ಡಿ, ಖೊ ಖೊ, ವಾಲಿಬಾಲ್ ಪಂದ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ, ಬಸದಿಗಳಲ್ಲಿ ದಶಲಕ್ಷಣ ಪರ್ವ ನಡೆಯುತ್ತದೆ. ಒಂದೆಡೆ ಉತ್ತಮ ಮಾರ್ದವ, ಉತ್ತಮ ಆರ್ಜವಗಳ ಪ್ರವಚನ. ಇನ್ನೊಂದೆಡೆ ಹೇಗಾದರೂ ಸರಿ, ಗೆಲ್ಲಲೇಬೇಕೆಂಬ ಕೂಗು. ಬೆಳಿಗ್ಗೆ ಜಿನಾಭಿಷೇಕವನ್ನು ಕಣ್ತುಂಬಿಕೊಂಡ ಕುಟುಂಬವೇ ಮಧ್ಯಾಹ್ನ ಮೈದಾನದ ಅಂಚಿನಲ್ಲಿ ನಿಂತಿರುತ್ತದೆ. ಬಸದಿಯ ಹೊಸ್ತಿಲಲ್ಲಿ ಕಲಿತ ಧರ್ಮ ಸುಣ್ಣದ ಗೆರೆಯ ಬಳಿಗೂ ಬರುತ್ತದೆಯೇ ಎಂಬ ಪ್ರಶ್ನೆ ಆಗ ಏಳುತ್ತದೆ.

ಗೆಲುವನ್ನು ಜೈನಧರ್ಮ ಹಳಿಯುವುದಿಲ್ಲ. ‘ಜಿನ’ ಎಂಬ ಮಾತಿನ ಅರ್ಥವೇ ಗೆದ್ದವನು ಎಂದು. ತನ್ನ ಪುರುಷಾರ್ಥದಿಂದಲೇ ಜೀವವು ಮೇಲೇರಬೇಕೆಂದು ಸಾರುವ ಧರ್ಮವು ಮಗುವಿನ ಶ್ರಮವನ್ನು, ಛಲವನ್ನು, ಗೆಲ್ಲುವ ಆಸೆಯನ್ನು ದೋಷವೆನ್ನಲಾರದು. ಆದರೆ ಜಿನನು ಗೆದ್ದದ್ದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು. ಎದುರು ತಂಡವನ್ನು ಸೋಲಿಸುವ ಭರದಲ್ಲಿ ಈ ನಾಲ್ವರಿಗೆ ಸೋತರೆ ಆ ಗೆಲುವಿಗೆ ಜಿನಮಾರ್ಗದಲ್ಲಿ ಬೆಲೆಯಿಲ್ಲ.

ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಿಂದ ಕನ್ನಡಿಗರಿಗೆ ಮನೆಮಾತಾದ ಭರತ–ಬಾಹುಬಲಿಯರ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬಹುದು. ಎರಡು ಸೇನೆಗಳು ಎದುರುಬದುರು ನಿಂತಾಗ ಎರಡೂ ಕಡೆಯ ಮಂತ್ರಿಗಳು ಕೂಡಿ ಆಲೋಚಿಸಿದರು. ಚರಮಶರೀರಿಗಳಾದ ಅಣ್ಣತಮ್ಮಂದಿರಿಗೆ ಏನೂ ಆಗದು, ಸಾಯುವವರು ಅವರನ್ನು ನಂಬಿ ಬಂದ ಸೈನಿಕರು ಎಂಬುದನ್ನು ಕಂಡುಕೊಂಡು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಬಾಹುಬಲಿ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದರೂ ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತನಾದರೋ ಒಪ್ಪಿದ ನಿಯಮವನ್ನು ಮೀರಿ ಚಕ್ರರತ್ನವನ್ನು ಪ್ರಯೋಗಿಸಿದ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ತೊರೆದು ತಪಸ್ಸಿಗೆ ಹೊರಟ. ಒಂದು ವರ್ಷ ಅಲುಗದೆ ನಿಂತರೂ ತನ್ನಿಂದ ಅಣ್ಣನಿಗೆ ಕ್ಲೇಶವಾಯಿತೆಂಬ ಕೊರಗು ಅವನಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕರಗಿ ಕೇವಲಜ್ಞಾನ ಉದಯಿಸಿತು.

ಈ ಕಥೆಯಲ್ಲಿ ಸ್ಪರ್ಧಿಗಳಷ್ಟೇ ಮುಖ್ಯರಾದವರು ಆ ಮಂತ್ರಿಗಳು. ಅಂಕಣದ ಹೊರಗೆ ನಿಂತ ಹಿರಿಯರು ಅವರು. ತಮ್ಮ ಒಡೆಯನೇ ಗೆಲ್ಲಲೆಂದು ಅವರು ತಂತ್ರ ಹೂಡಲಿಲ್ಲ. ಇಬ್ಬರಿಗೂ ಒಂದೇ ನಿಯಮವನ್ನು ಹಾಕಿಕೊಟ್ಟು ಸಾವಿರಾರು ಜನರ ಪ್ರಾಣ ಉಳಿಸಿದರು. ಇಂದಿನ ಮಕ್ಕಳ ಮೈದಾನದ ಸುತ್ತ ನಿಂತಿರುವ ತರಬೇತುದಾರರು, ಶಿಕ್ಷಕರು, ತಂದೆತಾಯಿಗಳು ನಿಂತಿರುವುದು ಅದೇ ಸ್ಥಾನದಲ್ಲಿ.

ಕಬಡ್ಡಿಯನ್ನೇ ತೆಗೆದುಕೊಳ್ಳೋಣ. ದಾಳಿಗೆ ಬಂದ ಹುಡುಗನ ಬೆರಳ ತುದಿ ಎದುರಾಳಿಯ ಮೈಗೆ ತಾಗಿತೋ ಇಲ್ಲವೋ ಎಂಬುದು ಎಷ್ಟೋ ಬಾರಿ ಇಬ್ಬರಿಗೆ ಮಾತ್ರ ತಿಳಿದಿರುತ್ತದೆ. ತೀರ್ಪುಗಾರರ ಕಣ್ಣು ತಪ್ಪಬಹುದು, ತಾಗಿದ ಚರ್ಮಕ್ಕೆ ಗೊತ್ತು. ಖೊ ಖೊ ಆಟದಲ್ಲಿಯೂ ಹಾಗೆಯೇ. ಸ್ಪರ್ಶವನ್ನೇ ಆಧರಿಸಿದ ಈ ನಾಡ ಆಟಗಳು ಆರ್ಜವ ಧರ್ಮದ ಪಾಠಶಾಲೆಗಳಿದ್ದಂತೆ. ಮನಸ್ಸಿನಲ್ಲಿದ್ದುದು ಮಾತಿನಲ್ಲಿ, ಮಾತಿನಲ್ಲಿದ್ದುದು ಕೃತಿಯಲ್ಲಿ ಇರುವುದೇ ಆರ್ಜವ. ತಾಗಿದ್ದನ್ನು ಒಪ್ಪಿ ತಾನಾಗಿ ಕೈಯೆತ್ತಿ ಹೊರನಡೆಯುವ ಹುಡುಗ ಪ್ರವಚನ ಕೇಳದೆಯೇ ಅದನ್ನು ಆಚರಿಸಿರುತ್ತಾನೆ.

ಆದರೆ ಹಾಗೆ ಹೊರಬಂದವನಿಗೆ ಹಿರಿಯರಿಂದ ದೊರಕುವುದೇನು? ‘ತೀರ್ಪುಗಾರರೇ ನೋಡಿರಲಿಲ್ಲ, ನೀನ್ಯಾಕೆ ಎದ್ದು ಬಂದೆ?’ ಎಂಬ ಗದರಿಕೆ. ಮುಂದಿನ ಪಂದ್ಯದಲ್ಲಿ ಅವನು ಕೈಯೆತ್ತುವುದಿಲ್ಲ. ಸುಳ್ಳನ್ನು ಆಡಿದವನು ಮಗು, ಕಲಿಸಿದವರು ಬೇರೆ.

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಮಾಡಿದವನನ್ನು ಮಾತ್ರ ಹಿಡಿಯುತ್ತದೆ. ಜೈನ ಕರ್ಮಸಿದ್ಧಾಂತದ ಬಲೆ ಅದಕ್ಕಿಂತ ಸೂಕ್ಷ್ಮವಾದುದು. ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಆಸ್ರವದ ವಿವರಣೆ ಬರುತ್ತದೆ. ಒಂದು ಕೃತ್ಯಕ್ಕೆ ಸಂರಂಭ, ಸಮಾರಂಭ, ಆರಂಭ ಎಂದು ಮೂರು ಹಂತ: ಮಾಡಬೇಕೆಂಬ ಸಂಕಲ್ಪ, ಅದಕ್ಕೆ ಬೇಕಾದ ಸಿದ್ಧತೆ, ಕೊನೆಗೆ ಕಾರ್ಯಕ್ಕೆ ತೊಡಗುವಿಕೆ. ಪ್ರತಿಯೊಂದೂ ಮನಸ್ಸು, ಮಾತು, ದೇಹ ಎಂಬ ಮೂರು ದಾರಿಗಳಲ್ಲಿ ನಡೆಯುತ್ತದೆ. ಕೃತ, ಕಾರಿತ, ಅನುಮತ ಎಂದು ಮತ್ತೆ ಮೂರು ಬಗೆ: ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಇವಕ್ಕೆ ಪ್ರೇರಣೆ ನೀಡುವ ಕಷಾಯಗಳು ನಾಲ್ಕು. ಮೂರು, ಮೂರು, ಮೂರು, ನಾಲ್ಕು, ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ಹೇಳುವ ರೂಢಿಯೂ ಇದೆ. ಇದರಲ್ಲಿ ಮಾಡಿದವನ ಪಾಲು 36. ಉಳಿದ 72 ಮಣಿಗಳು ಮಾಡಿಸಿದವರಿಗೂ ಮೆಚ್ಚಿದವರಿಗೂ ಸೇರಿದವು.

ಮಕ್ಕಳ ಕ್ರೀಡೆಯಲ್ಲಿ ಈ 72 ಮಣಿಗಳ ಭಾರ ಎದ್ದು ಕಾಣುವುದು ವಯಸ್ಸಿನ ವಂಚನೆಯಲ್ಲಿ. 14 ವರ್ಷದೊಳಗಿನವರ ಪಂದ್ಯಕ್ಕೆ 16ರ ಹುಡುಗನನ್ನು ಇಳಿಸಬೇಕಾದರೆ ಆ ಹುಡುಗನೊಬ್ಬನಿಂದ ಆಗದು. ಜನನ ದಿನಾಂಕ ತಿದ್ದುವವರು ಬೇಕು, ಅದಕ್ಕೆ ಮೊಹರು ಒತ್ತುವವರು ಬೇಕು, ಗೊತ್ತಿದ್ದೂ ಸುಮ್ಮನಿರುವವರು ಬೇಕು. ಇವರೆಲ್ಲರೂ ವಯಸ್ಕರೇ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸುಳ್ಳು ದಾಖಲೆ ಬರೆಯುವುದನ್ನು ಆಗಮವು ‘ಕೂಟಲೇಖಕ್ರಿಯೆ’ ಎಂದು ಕರೆದು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿದೆ. ಮತ್ತೊಬ್ಬರನ್ನು ಕಳವಿಗೆ ಪ್ರೇರೇಪಿಸುವ ‘ಸ್ತೇನಪ್ರಯೋಗ’ ಅಚೌರ್ಯಾಣುವ್ರತದ ಅತಿಚಾರ. ಕ್ರಿಕೆಟ್ ಮಂಡಳಿಯು 16 ವರ್ಷದೊಳಗಿನ ಆಟಗಾರರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜಿಸಬೇಕಾಗಿ ಬಂದಿರುವುದು ಕಾಗದದ ಮೇಲಿನ ವಿಶ್ವಾಸ ಎಷ್ಟು ಕುಸಿದಿದೆ ಎಂಬುದಕ್ಕೆ ಸಾಕ್ಷಿ.

ಕರ್ನಾಟಕದ ರಾಹುಲ್ ದ್ರಾವಿಡ್ ಭಾರತದ 19 ವರ್ಷದೊಳಗಿನವರ ತಂಡದ ತರಬೇತುದಾರರಾಗಿದ್ದಾಗ, 2015ರ ಡಿಸೆಂಬರ್‌ನಲ್ಲಿ ನವದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಿಷಯವನ್ನೇ ಎತ್ತಿದ್ದರು. ತನ್ನ ತಂದೆತಾಯಿ, ತರಬೇತುದಾರರೇ ಸುಳ್ಳು ಜನನ ಪತ್ರ ತಯಾರಿಸುವುದನ್ನು ಕಂಡ ಮಗು ವಂಚಕನಾಗುವುದನ್ನೇ ಕಲಿಯುತ್ತದೆ ಎಂಬುದು ಅವರ ಆತಂಕ. ಅವರು ಆಡಿದ್ದು ಕ್ರೀಡೆಯ ಭಾಷೆ. ಅದರ ತಿರುಳು ‘ಕಾರಿತ’ವೇ.

ಇದು ಒಂದು ನಾಡಿನ ರೋಗವೂ ಅಲ್ಲ. 2001ರಲ್ಲಿ ಅಮೆರಿಕದಲ್ಲಿ 12 ವರ್ಷದೊಳಗಿನವರ ಲಿಟ್ಲ್ ಲೀಗ್ ಬೇಸ್‌ಬಾಲ್ ಟೂರ್ನಿಯಲ್ಲಿ ಬಾಲಕನೊಬ್ಬ ಅದ್ಭುತವಾಗಿ ಚೆಂಡೆಸೆದು ದೇಶದ ಗಮನ ಸೆಳೆದ. ಆಮೇಲೆ ಅವನಿಗೆ 14 ವರ್ಷವೆಂದು ತಿಳಿದುಬಂತು. ತಂಡದ ಗೆಲುವುಗಳೆಲ್ಲ ಅಳಿಸಿಹೋದವು. ಲೀಗ್ ಆಜೀವ ನಿಷೇಧ ವಿಧಿಸಿದ್ದು ಬಾಲಕನ ತಂದೆಗೆ ಮತ್ತು ತಂಡದ ಸ್ಥಾಪಕನಿಗೆ. ಮಗುವನ್ನು ಹಿರಿಯರು ಬಳಸಿಕೊಂಡರೆಂದೇ ಅದು ಭಾವಿಸಿತು. ಕೃತಕ್ಕಿಂತ ಕಾರಿತವನ್ನು ಹೆಚ್ಚಿನ ಅಪರಾಧವೆಂದು ಎಣಿಸಿದ ತೀರ್ಪು ಅದು.

ವಂಚನೆಯಿಂದ ಯಾರಿಗೂ ನಷ್ಟವಿಲ್ಲವೆಂದು ವಾದಿಸುವವರಿದ್ದಾರೆ. ನಷ್ಟಕ್ಕೊಳಗಾದ ಮಗು ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ತಂಡದಲ್ಲಿ ಒಬ್ಬ ದೊಡ್ಡವನು ಸೇರಿಕೊಂಡ ದಿನ, ದಿನವೂ ಅಭ್ಯಾಸಕ್ಕೆ ಬರುತ್ತಿದ್ದ ಒಬ್ಬ ಚಿಕ್ಕವನ ಹೆಸರು ಪಟ್ಟಿಯಿಂದ ಹೊರಗುಳಿಯುತ್ತದೆ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು ‘ಅದತ್ತಾದಾನ’, ಅಂದರೆ ಕಳವು. ಕದ್ದದ್ದು ಹಣವನ್ನಲ್ಲ, ಮರಳಿ ಬಾರದ ಒಂದು ವರ್ಷವನ್ನು. ಕಬಡ್ಡಿಯಂತಹ ಆಟದಲ್ಲಿ ಎರಡು ವರ್ಷ ದೊಡ್ಡವನ ಹಿಡಿತಕ್ಕೆ ಸಿಕ್ಕ ಎಳೆಯ ಮೊಣಕಾಲಿಗೂ ಅಪಾಯವಿದೆ. ಅಲ್ಲಿ ಅಸತ್ಯ, ಸ್ತೇಯ, ಹಿಂಸೆ ಮೂರೂ ಒಂದೇ ಗಂಟಿನಲ್ಲಿ ಬರುತ್ತವೆ.

ಹಿಂಸೆಯ ಮುಖಗಳು ಇನ್ನೂ ಇವೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ‘ಅನ್ನಪಾನನಿರೋಧ’ವೂ ಸೇರಿವೆ. ಶಕ್ತಿಮೀರಿ ಹೊರೆ ಹೇರುವುದು ಮೊದಲನೆಯದು, ಅನ್ನನೀರು ತಡೆಯುವುದು ಎರಡನೆಯದು. ಎತ್ತು, ಕುದುರೆಗಳನ್ನು ನೆನೆದು ಹೇಳಿದಂತಿರುವ ಈ ಮಾತುಗಳು ಮಕ್ಕಳಿಗೂ ಸಲ್ಲುತ್ತವೆ. ತಾವು ಪಡೆಯಲಾಗದ ಪದಕವನ್ನು ಮಗನ ಹೆಗಲಿಗೆ ಏರಿಸುವುದು ಅತಿಭಾರ. ತೂಕದ ಮಿತಿಯಿರುವ ಕಿರಿಯರ ಕಬಡ್ಡಿಯಲ್ಲಿ, ತಕ್ಕಡಿಗೆ ಹತ್ತುವ ಮುನ್ನ ಮಗುವನ್ನು ಉಪವಾಸ ಕೆಡವಿ, ನೀರನ್ನೂ ಕೊಡದೆ ಓಡಿಸುವುದು ಅಕ್ಷರಶಃ ಅನ್ನಪಾನನಿರೋಧ. ಸ್ವಇಚ್ಛೆಯಿಂದ, ಕರ್ಮನಿರ್ಜರೆಗಾಗಿ ಕೈಗೊಳ್ಳುವ ಉಪವಾಸವನ್ನು ಇದರೊಡನೆ ಹೋಲಿಸಲಾಗದು.

ಎಲ್ಲರೂ ಹೀಗೆಯೇ ಮಾಡುತ್ತಿರುವಾಗ ನಮ್ಮ ಮಗು ಮಾತ್ರ ಹಿಂದುಳಿಯಬೇಕೆ ಎಂಬ ಪೋಷಕರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕ್ರೀಡಾ ಪ್ರಮಾಣಪತ್ರವು ಕಾಲೇಜಿನ ಕ್ರೀಡಾ ಕೋಟಾದ ಸೀಟಿಗೆ ದಾರಿಯಾಗುವ ಕಾಲವಿದು. ಪ್ರಾಮಾಣಿಕತೆಗೆ ಗೆಲುವೇ ಪ್ರತಿಫಲವೆಂದು ಧರ್ಮವು ಎಲ್ಲಿಯೂ ಭರವಸೆ ಕೊಟ್ಟಿಲ್ಲ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರ ಬ್ಯಾಟಿಗೆ ಚೆಂಡು ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮತ್ತೆ ಆಡಲು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸತ್ಯಕ್ಕೆ ತೆತ್ತ ಬೆಲೆ ನಿಜವಾದದ್ದು. ಹಾಗಿದ್ದೂ ಇಷ್ಟು ವರ್ಷಗಳ ಬಳಿಕ ಆ ಪಂದ್ಯದಿಂದ ಕ್ರಿಕೆಟ್ ಪ್ರಿಯರು ನೆನೆಯುವ ಸಂಗತಿಗಳಲ್ಲಿ ಆ ಕರೆಯೂ ಒಂದು. ಬೆಲೆ ತೆರಬೇಕಾಗದ ಕಡೆ ವ್ರತವೆಂಬ ಮಾತಿಗೆ ಅರ್ಥವೇ ಇಲ್ಲ. ಮಗುವಿಗೆ ಇದನ್ನು ಮುಚ್ಚಿಡದೆ ಹೇಳಬೇಕು: ನಿಜ ಹೇಳಿದರೆ ಕೆಲವೊಮ್ಮೆ ಸೋಲುತ್ತೀಯೆ; ಆ ಸೋಲಿಗೆ ಮನೆಯಲ್ಲಿ ಅವಮಾನವಿಲ್ಲ.

ಈ ಕೊನೆಯ ಮಾತನ್ನು ಉಳಿಸಿಕೊಳ್ಳುವ ಹೊಣೆ ಮೆಚ್ಚುವವರದು. ಅನುಮೋದನೆ ಪಾಪವನ್ನು ಹೇಗೆ ಕಟ್ಟುತ್ತದೆಯೋ ಪುಣ್ಯವನ್ನೂ ಹಾಗೆಯೇ ಕಟ್ಟುತ್ತದೆ. ಆದಿನಾಥರ ಪೂರ್ವಭವದ ಕಥೆಯಲ್ಲಿ ವಜ್ರಜಂಘ ಮತ್ತು ಶ್ರೀಮತಿ ಕಾಡಿನಲ್ಲಿ ಚಾರಣಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಹುಲಿ, ಹಂದಿ, ಕಪಿ, ಮುಂಗುಸಿ ಎಂಬ ನಾಲ್ಕು ಪ್ರಾಣಿಗಳು ಅದನ್ನು ನೋಡುತ್ತ ನಿಂತಿರುತ್ತವೆ. ಅವು ದಾನ ಮಾಡಲಿಲ್ಲ, ಮಾಡಿಸಲೂ ಇಲ್ಲ. ಮನಸ್ಸಿನಲ್ಲಿ ಸಂತೋಷಪಟ್ಟವು, ಅಷ್ಟೇ. ಆ ಅನುಮೋದನೆಯ ಫಲವಾಗಿ ಭೋಗಭೂಮಿಯಲ್ಲಿ ಜನ್ಮ ಪಡೆದವು. ಮೈದಾನದ ಅಂಚಿನಲ್ಲಿ ನಿಂತ ಪ್ರೇಕ್ಷಕರಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗಲಾರದು. ಎದುರು ತಂಡದ ಒಳ್ಳೆಯ ಹಿಡಿತಕ್ಕೂ ಚಪ್ಪಾಳೆ ತಟ್ಟುವುದು, ತಾಗಿದ್ದನ್ನು ಒಪ್ಪಿ ಹೊರಬಂದ ಹುಡುಗನ ಬೆನ್ನು ತಟ್ಟುವುದು ಆ ನಾಲ್ಕು ಪ್ರಾಣಿಗಳಿಂದಲೂ ಆದ ಕೆಲಸ.

ಶ್ರಾವಕರ ಮನೆಗಳಲ್ಲಿ ಇದಕ್ಕೆ ಸುಲಭವಾದ ಆರಂಭಗಳಿವೆ. ಪಂದ್ಯ ಮುಗಿಸಿ ಬಂದ ಮಗುವಿನ ಬಳಿ ಗೆದ್ದೆಯೋ ಸೋತೆಯೋ ಎಂದು ಕೇಳುವ ಮೊದಲು ಚೆನ್ನಾಗಿ ಆಡಿದ ಎದುರಾಳಿ ಯಾರು ಎಂದು ಕೇಳಬಹುದು. ಮಾರ್ದವ ಅಲ್ಲಿಂದ ಮೊಳೆಯುತ್ತದೆ. ತೀರ್ಪುಗಾರರನ್ನು ಮಗುವಿನ ಎದುರು ಹೀಯಾಳಿಸದಿರಬಹುದು. ಅವರು ನಿಂತ ಜಾಗದಿಂದ ಕಂಡದ್ದು ಬೇರೆ, ಪೋಷಕರಿಗೆ ಕಂಡದ್ದು ಬೇರೆ ಎಂದು ಒಪ್ಪುವುದು ಅನೇಕಾಂತದ ಮೊದಲ ಪಾಠ. ರಾತ್ರಿ ಮಲಗುವ ಮುನ್ನ ಐದು ನಿಮಿಷ ಪ್ರತಿಕ್ರಮಣದ ರೀತಿಯಲ್ಲಿ ದಿನದ ಆಟವನ್ನು ನೆನೆದು, ಯಾರನ್ನಾದರೂ ಬೇಕೆಂದೇ ತಳ್ಳಿದ್ದರೆ, ಚುಚ್ಚಿ ಮಾತಾಡಿದ್ದರೆ ಮರುದಿನ ಹೋಗಿ ಕ್ಷಮೆ ಕೇಳಲು ಹೇಳಬಹುದು. ಶಾಲೆಯ ಕಡತದಲ್ಲಿ ಮಗುವಿನ ಹುಟ್ಟಿದ ದಿನಾಂಕ ನಿಜವಾದದ್ದೇ ಎಂದು ನೋಡಿಕೊಳ್ಳುವುದೂ ವ್ರತಪಾಲನೆಯೇ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಗೆದ್ದ ಬಾಹುಬಲಿಯ ಕೊರಗು ಸೋತ ಅಣ್ಣನು ಬಂದು ನಮಿಸಿದ ಮೇಲೆಯೇ ಹೋಯಿತೆಂಬುದನ್ನು ಅಂದು ನೆನೆಯಬೇಕು. ಆ ವಾರ ಮೈದಾನಕ್ಕೆ ಹೋಗುವ ಹಿರಿಯರು, ಮಕ್ಕಳು ಪರಸ್ಪರ ಕೈ ಕುಲುಕುವುದಕ್ಕೂ ಮೊದಲು, ಎದುರು ತಂಡದ ತರಬೇತುದಾರರಿಗೆ, ಪೋಷಕರಿಗೆ ಕೈಮುಗಿದು ಕ್ಷಮೆ ಕೋರಲಿ. ಮಕ್ಕಳು ಅದನ್ನು ನೋಡುತ್ತ ನಿಂತಿರುತ್ತಾರೆ.